ಅಮ್ಮನ ಕಾಲಿಗೆ ಎಟುಕುವ ಮರ: ಹಿರಿಯರನ್ನು ದಿನಾ ಹಸಿರಿಗೆ ಕರೆದೊಯ್ಯುವುದು ಹೇಗೆ

ಹಿರಿಯಡ್ಕದ ಹತ್ತಿರದ ಮನೆ ಬಿಟ್ಟು ಉಡುಪಿಯ ಕುಂಜಿಬೆಟ್ಟಿನ ನಮ್ಮ ಫ್ಲ್ಯಾಟಿಗೆ ಬಂದಾಗ ಅಮ್ಮನಿಗೆ 74 ವರ್ಷ. ಊರಿನಲ್ಲಿ ಬೆಳಿಗ್ಗೆ ಎದ್ದರೆ ಅಂಗಳ ಗುಡಿಸಬೇಕು, ತುಳಸಿಗೆ ನೀರು ಹಾಕಬೇಕು, ತೋಟಕ್ಕೊಂದು ಸುತ್ತು ಹೋಗಿ ಬಿದ್ದ ಅಡಿಕೆ ಹೆಕ್ಕಬೇಕು. ಅದನ್ನು ಯಾರೂ ವ್ಯಾಯಾಮ ಅಂತ ಕರೆದಿರಲಿಲ್ಲ. ಇಲ್ಲಿ ಮೂರನೇ ಮಹಡಿ. ಲಿಫ್ಟ್ ಉಂಟು, ಟಿವಿ ಉಂಟು, ನಾವಿದ್ದೇವೆ. ಆದರೂ ಏಳೆಂಟು ತಿಂಗಳಲ್ಲಿ ಅಮ್ಮನ ಮಾತು ಕಡಿಮೆಯಾಯಿತು. ಇವತ್ತು ಯಾವ ವಾರ ಅಂತ ದಿನಕ್ಕೆ ಎರಡೆರಡು ಸಲ ಕೇಳತೊಡಗಿದರು.

ನಾನು ಮೊದಲು ಮಾಡಿದ್ದು ಸರಿಯಿರಲಿಲ್ಲ. ಭಾನುವಾರ ಕಾರಿನಲ್ಲಿ ಕೂರಿಸಿಕೊಂಡು ಮಲ್ಪೆ ಬೀಚಿಗೋ ಮಣಿಪಾಲದ ಎಂಡ್ ಪಾಯಿಂಟಿಗೋ ಹೋಗುತ್ತಿದ್ದೆ. ಒಂದು ಗಂಟೆ ತಿರುಗಾಟ, ಒಂದು ಐಸ್‌ಕ್ರೀಮ್, ವಾಪಸ್. ಉಳಿದ ಆರು ದಿನ ಅಮ್ಮ ಸೋಫಾದ ಮೇಲೆ. ದೂರದ ಚೆಂದದ ಜಾಗಕ್ಕಿಂತ ಹತ್ತಿರದ ಒಂದು ಸಾಧಾರಣ ಮರ ಮೇಲು ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ನೀವು ಅಷ್ಟು ಕಾಯಬೇಕಾಗಿಲ್ಲ.

ಮೊದಲು, ಹಸಿರಿಗೂ ಮೆದುಳಿಗೂ ಏನು ಸಂಬಂಧ?

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲಿನ ವೈಟ್‌ಹಾಲ್ ಅಧ್ಯಯನದ 6,506 ಜನರನ್ನು 10 ವರ್ಷ ಗಮನಿಸಿ 2018ರಲ್ಲಿ ಒಂದು ವರದಿ ಬಂತು. ಮನೆಯ ಸುತ್ತ ಹಸಿರು ಜಾಸ್ತಿ ಇದ್ದವರ ಯೋಚನಾಶಕ್ತಿ ಸ್ವಲ್ಪ ನಿಧಾನವಾಗಿ ಕುಂದಿತ್ತು. ಅಮೆರಿಕದಲ್ಲಿ 13,594 ನರ್ಸ್ ಮಹಿಳೆಯರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹಸಿರಿನ ನಡುವೆ ಇದ್ದವರ ಗಮನ ಮತ್ತು ಯೋಚನೆಯ ಚುರುಕು ಚೆನ್ನಾಗಿತ್ತು. ನೆನಪಿನ ಪರೀಕ್ಷೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಮರ ಇರುವ ಬಡಾವಣೆಗಳಲ್ಲಿ ಅನುಕೂಲಸ್ಥರೇ ಜಾಸ್ತಿ ಇರುತ್ತಾರೆ, ಹಾಗಾಗಿ ಎಲ್ಲ ಲಾಭವೂ ಮರದಿಂದಲೇ ಬಂತು ಅಂತ ಹೇಳಲಾಗದು.

ಆದರೂ ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ. ಕಾರಣ ಇಷ್ಟೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟು ಇವುಗಳಿಗೆ ಸಂಬಂಧಿಸಿದ್ದು. ಆ ಪಟ್ಟಿಯಲ್ಲಿ ಮೈ ಅಲುಗಾಡಿಸದೆ ಕೂರುವುದು ಉಂಟು, ಒಂಟಿತನ ಉಂಟು, ಖಿನ್ನತೆ, ಬಿ.ಪಿ., ಸಕ್ಕರೆ ಕಾಯಿಲೆ, ಕೆಟ್ಟ ಗಾಳಿ ಉಂಟು. ದಿನಾ ಒಂದು ಮರದ ತನಕ ನಡೆದು, ನಾಲ್ಕು ಜನರ ಹತ್ತಿರ ಮಾತಾಡಿ ಬರುವ ಅಜ್ಜಿ ಇವುಗಳಲ್ಲಿ ಎಷ್ಟನ್ನು ಒಟ್ಟಿಗೆ ಎದುರಿಸುತ್ತಾರೆ ನೋಡಿ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು ಒಂದು ದೊಡ್ಡ ಸಮೀಕ್ಷೆಯ ಅಂದಾಜು. ಪ್ರತಿ ಬೀದಿಯಲ್ಲೂ ಇಂಥ ಒಂದು ಮನೆ ಇದ್ದೇ ಇರುತ್ತದೆ, ಅಲ್ವಾ?

ಹೆಜ್ಜೆ 1: ಬಾಗಿಲಿನಿಂದ ಮರದ ತನಕ ಮೊದಲು ನೀವೇ ನಡೆಯಿರಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದೇ ಮುಖ್ಯ.

ಒಂದು ಬೆಳಿಗ್ಗೆ ಮನೆಯಿಂದ ಹೊರಟು, ಅಮ್ಮನೋ ಅಪ್ಪನೋ ನಡೆಯುವ ವೇಗದಲ್ಲಿ ನಡೆಯಿರಿ. ನೆಲ ನೋಡುತ್ತಾ ಹೋಗಿ. ಗೇಟಿನ ಹತ್ತಿರ ಎತ್ತರದ ಮೆಟ್ಟಿಲು ಉಂಟಾ? ಚರಂಡಿಯ ಮೇಲಿನ ಚಪ್ಪಡಿ ಅಲುಗುತ್ತದಾ? ನಾಯಿಗಳು ಎಲ್ಲಿ ಮಲಗುತ್ತವೆ? ಶಾಲೆಯ ಬಸ್ಸುಗಳು ಎಷ್ಟು ಹೊತ್ತಿಗೆ ಆ ರಸ್ತೆಗೆ ಬರುತ್ತವೆ? ಉಸಿರು ತೆಗೆದುಕೊಳ್ಳಲು ಕೂರುವ ಜಾಗ ಎಲ್ಲೆಲ್ಲಿ ಉಂಟು? ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಮ್ಮ ಚೀಟಿ ಬರೆದಾಗ ನನಗೆ ಗೊತ್ತಾಯಿತು, ಅಮ್ಮನಿಗೆ ನಡೆಯಲು ಮನಸ್ಸಿಲ್ಲದ್ದಲ್ಲ, ಹೆದರಿಕೆ. ನಮ್ಮ ಮನೆಯಿಂದ ಪಾರ್ಕಿನ ಕಡೆ ಹೋಗಬೇಕಾದರೆ ಕಲ್ಸಂಕದಿಂದ ಮಣಿಪಾಲಕ್ಕೆ ಹೋಗುವ ಹೆದ್ದಾರಿ, 169ಎ, ದಾಟಬೇಕು. ಬಸ್ಸುಗಳ ಓಟ ನೋಡಿದ ಯಾವ ಹಿರಿಯರೂ ಆ ರಸ್ತೆಗೆ ಒಬ್ಬರೇ ಇಳಿಯಲಾರರು.

ಊರು ಕಟ್ಟುವವರ ಲೋಕದಲ್ಲಿ 3-30-300 ಎಂಬ ಒಂದು ಸೂತ್ರ ಚಾಲ್ತಿಯಲ್ಲಿದೆ. ಅದನ್ನು ಕೊಟ್ಟವರು ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗಕ್ಕೆ ಮರದ ನೆರಳು ಇರಬೇಕು, 300 ಮೀಟರಿನೊಳಗೆ ಹಸಿರು ಜಾಗ ಸಿಗಬೇಕು. ಹಿರಿಯರ ಮಟ್ಟಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಆ 300 ಮೀಟರಿನಲ್ಲಿ ದೊಡ್ಡ ರಸ್ತೆ ದಾಟುವಂತಿರಬಾರದು.

ಹೆಜ್ಜೆ 2: ಹುಲ್ಲು ನೋಡಬೇಡಿ, ನೆರಳು ನೋಡಿ

ಪಾರ್ಕ್ ಅಂದ ತಕ್ಷಣ ನಮಗೆ ಕತ್ತರಿಸಿದ ಹುಲ್ಲುಹಾಸು ಕಣ್ಣಿಗೆ ಬರುತ್ತದೆ. ಆಸ್ಟ್ರೇಲಿಯದ ಮೂರು ನಗರಗಳಲ್ಲಿ 46,786 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಬಂತು. ಸುತ್ತಲಿನ ಜಾಗದ ಶೇ. 30ಕ್ಕಿಂತ ಹೆಚ್ಚು ಭಾಗಕ್ಕೆ ಮರದ ನೆರಳು ಇದ್ದ ಕಡೆ ಮನಸ್ಸಿನ ಕಳವಳ ಕಡಿಮೆ ಇತ್ತು. ಬರೀ ಹುಲ್ಲಿಗೆ ಆ ಗುಣ ಕಾಣಲಿಲ್ಲ. ನಮ್ಮ ಕರಾವಳಿಯ ಬಿಸಿಲು, ಬೆವರಿಗಂತೂ ಇದು ಇನ್ನೂ ಸತ್ಯ. ಏಪ್ರಿಲ್‌ನಲ್ಲಿ ಎಂಟು ಗಂಟೆಗೇ ಬಯಲಿನಲ್ಲಿ ನಿಲ್ಲಲಾಗುವುದಿಲ್ಲ.

ಉಡುಪಿಯಲ್ಲಿ ಅಜ್ಜರಕಾಡಿನ ಭುಜಂಗ ಪಾರ್ಕ್ ಇದೆ. ಹಳೆಯ ಮರಗಳು, ಹುತಾತ್ಮರ ಸ್ಮಾರಕ, ಪಕ್ಕದಲ್ಲೇ ಜಿಲ್ಲಾ ಕ್ರೀಡಾಂಗಣ. ಮಣಿಪಾಲದವರಿಗೆ ಮಣ್ಣಪಳ್ಳದ ಕೆರೆಯ ಸುತ್ತ ನಡೆಯುವ ದಾರಿ ಉಂಟು. ಮಂಗಳೂರಿನವರಿಗೆ ಕದ್ರಿ ಪಾರ್ಕ್, ಲೈಟ್‌ಹೌಸ್ ಗುಡ್ಡೆಯ ಠಾಗೋರ್ ಪಾರ್ಕ್ ಇವೆ. ಪಿಲಿಕುಳ ಬಹಳ ಚೆಂದ, ಆದರೆ ಅದು ಹೆಚ್ಚಿನವರಿಗೆ ವಾಹನ ಹತ್ತಿ ಹೋಗುವ ಜಾಗ. ದಿನದ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ.

ಪಾರ್ಕೇ ಇಲ್ಲದಿದ್ದರೆ? ನಮ್ಮ ಊರುಗಳಲ್ಲಿ ಹಸಿರಿಗೆ ಬೇರೆ ಹೆಸರುಗಳುಂಟು. ಅಶ್ವತ್ಥಕಟ್ಟೆ, ದೇವಸ್ಥಾನದ ಕೆರೆಯ ದಂಡೆ, ಶಾಲೆಯ ಮೈದಾನದ ಅಂಚಿನ ಮಾವಿನಮರ, ಯಾರೂ ಕಡಿಯದೆ ಉಳಿಸಿದ ನಾಗಬನದ ಪಕ್ಕದ ಓಣಿ. ಬನದೊಳಗೆ ಹೋಗುವ ಕ್ರಮವಿಲ್ಲ, ಹೋಗಬೇಕಾಗಿಯೂ ಇಲ್ಲ. ಹೊರಗಿನ ತಂಪು ಸಾಕು. ನಮಗೆ ಕೊನೆಗೆ ಸಿಕ್ಕಿದ್ದು ಒಳರಸ್ತೆಯ ಒಂದು ಕಟ್ಟೆ. ಹೆದ್ದಾರಿ ದಾಟುವ ಕೆಲಸವಿಲ್ಲ. ಒಂದು ಅಶ್ವತ್ಥ, ಅದರಾಚೆ ಯಾರದೋ ಕಾಂಪೌಂಡಿನಿಂದ ಬಾಗಿದ ಒಂದು ರೆಂಜೆ, ಅಂದರೆ ಬಕುಳದ ಮರ. ಅಷ್ಟೇ.

ಒಂದು ಎಚ್ಚರ ಬೇಕು. ತೆಂಗಿನಮರದ ಕೆಳಗೆ ಕೂರಿಸಬೇಡಿ. ಕಾಯಿಯೂ ಬೀಳುತ್ತದೆ, ಒಣಗಿದ ಮಡಲೂ ಬೀಳುತ್ತದೆ. ತಲೆಗೆ ಬೀಳುವ ಪೆಟ್ಟೂ ಆ 14 ಅಂಶಗಳಲ್ಲಿ ಒಂದು.

ಹೆಜ್ಜೆ 3: ಹತ್ತು ನಿಮಿಷದಿಂದ ಶುರು ಮಾಡಿ

ಹೃದಯದ ತೊಂದರೆ, ತಲೆ ಸುತ್ತು, ಇತ್ತೀಚಿನ ಆಪರೇಶನ್ ಇದ್ದರೆ ಮೊದಲು ಡಾಕ್ಟರ ಹತ್ತಿರ ಕೇಳಿ. ಉಳಿದವರು ಮೊದಲ ವಾರ ಹೋಗಿ ಬರಲು ಹತ್ತು ನಿಮಿಷ ಇಟ್ಟುಕೊಂಡರೆ ಸಾಕು. ಆಮೇಲೆ ವಾರಕ್ಕೆ ಐದೈದು ನಿಮಿಷ ಜಾಸ್ತಿ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಅದನ್ನು ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಮಾಡಿದರೂ ನಡೆಯುತ್ತದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಕಷ್ಟವಾಗಬೇಕು. ವೇಗ ಅಷ್ಟಿದ್ದರೆ ಸರಿ.

2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಧೈರ್ಯ ಕೊಟ್ಟಿತು. 120 ಹಿರಿಯರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ನಡೆದರು. ಉಳಿದವರು ಬರೀ ಮೈ ಎಳೆದು ಬಗ್ಗಿಸುವ ವ್ಯಾಯಾಮ ಮಾಡಿದರು. ವರ್ಷದ ಕೊನೆಗೆ ನಡೆದವರ ಮೆದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಶೇ. 2ರಷ್ಟು ಹಿಗ್ಗಿತ್ತು. ಇನ್ನೊಂದು ಗುಂಪಿನಲ್ಲಿ ಅದು ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು. 75ರಲ್ಲಿ ಶುರು ಮಾಡಿ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಕಟ್ಟೆ ತಲುಪಿದ ಮೇಲೆ, ಕೂತಲ್ಲಿಂದ ಕೈ ಊರದೆ ಐದು ಸಲ ಎದ್ದು ಕೂರುವುದು, ಏನಾದರೂ ಹಿಡಿದುಕೊಂಡು ಒಂದೊಂದೇ ಕಾಲಿನಲ್ಲಿ ಹತ್ತು ಎಣಿಸುವ ತನಕ ನಿಲ್ಲುವುದು ಮಾಡಿಸಿ. ನೀವು ಪಕ್ಕದಲ್ಲೇ ನಿಂತಿರಿ. ಬೀಳದಂತೆ ಕಾಯುವುದು ಮೈಯ ಸಮತೋಲನದ ಇದೇ ಅಭ್ಯಾಸ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲೊಂದು ಸಕ್ಕರೆ ಪೊಟ್ಟಣ ಇರಲಿ. ನೀರಿನ ಬಾಟಲಿ, ಕನ್ನಡಕ, ಶ್ರವಣ ಯಂತ್ರ ಮರೆಯಬೇಡಿ. ಎದೆ ಬಿಗಿದರೆ, ಉಸಿರು ಸಿಗದಿದ್ದರೆ ಅಲ್ಲೇ ನಿಲ್ಲಿಸಿ, ನೇರ ಆಸ್ಪತ್ರೆಗೆ.

ಹೆಜ್ಜೆ 4: ಪರೀಕ್ಷೆ ಮಾಡಬೇಡಿ, ಕಲಿಸಲು ಬಿಡಿ

"ಅಮ್ಮ, ಇದು ಯಾವ ಗಿಡ ಹೇಳಿ ನೋಡುವ?" ಅಂತ ನಾನು ಒಂದು ದಿನ ಕೇಳಿದೆ. ಹೆಸರು ಬಾಯಿಗೆ ಬರಲಿಲ್ಲ. ಮುಖ ಸಣ್ಣದಾಯಿತು. ಮರುದಿನ "ಕಾಲು ನೋವು, ನೀನು ಹೋಗಿ ಬಾ" ಅಂದರು. ಆ ತಪ್ಪನ್ನು ಮತ್ತೆ ಮಾಡಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ನನಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿದೆ. ತಜಂಕು ಎಂಬ ಕಾಡುಸೊಪ್ಪಿನ ಅಂಬಡೆಗೆ (ವಡೆಗೆ) ಎಲೆ ಎಷ್ಟು ಎಳೆಯದಿರಬೇಕು? ಪತ್ರೊಡೆಗೆ ಯಾವ ಕೆಸು ತರಬೇಕು, ಯಾವುದು ಬಾಯಿ ತುರಿಸುತ್ತದೆ? ಅಮ್ಮ ಗಿಡದ ಹತ್ತಿರ ಬಗ್ಗಿ, ಎಲೆ ಮಗುಚಿ ತೋರಿಸಿದರು. ಗಿಡದ ಹೆಸರು ತಾನಾಗಿ ಬಂತು. ಅದರ ಜೊತೆ ಅಜ್ಜಿಯ ಹೆಸರು, ಆಟಿ ತಿಂಗಳಲ್ಲಿ ಅಕ್ಕಿ ಮುಗಿದಿದ್ದ ಕಥೆ, ಎಲ್ಲ ಬಂತು. ಹೆಸರು ಮರೆತರೂ ಕೈಗೆ ಗೊತ್ತಿರುವ ಕೆಲಸ ಹಾಗೆಯೇ ಉಳಿದಿರುತ್ತದೆ. ಅದರ ಮೂಲಕ ಹೋಗಿ.

ವಾಸನೆಯನ್ನೂ ಬಳಸಿ. ಮೂಗಿನಿಂದ ಹೋಗುವ ನರದ ದಾರಿ ಮೆದುಳಿನಲ್ಲಿ ನೆನಪು ಮತ್ತು ಭಾವನೆ ನೋಡಿಕೊಳ್ಳುವ ಭಾಗಗಳಿಗೆ ತುಂಬ ಹತ್ತಿರ. ರೆಂಜೆ ಹೂ ಉದುರುವ ಕಾಲದಲ್ಲಿ ನಾವು ಕೊನೆಯ ಐದು ನಿಮಿಷ ಹೂ ಹೆಕ್ಕುವುದಕ್ಕೇ ಇಡುತ್ತೇವೆ. ಬಾಳೆನಾರಿನಲ್ಲಿ ಪೋಣಿಸುವಾಗ ಬೆರಳಿಗೂ ಕೆಲಸ, ಕಣ್ಣಿಗೂ ಕೆಲಸ.

ಹಾಗೆಯೇ ಸುಮ್ನೆ ಕೂರಲೂ ಬಿಡಿ. ಮಿಷಿಗನ್ ವಿಶ್ವವಿದ್ಯಾಲಯದವರು 2008ರಲ್ಲಿ ತೋರಿಸಿದ ಪ್ರಕಾರ, ಮರಗಳ ನಡುವೆ ನಡೆದು ಬಂದವರು ಪೇಟೆಯ ರಸ್ತೆಯಲ್ಲಿ ನಡೆದು ಬಂದವರಿಗಿಂತ ಗಮನದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಎಲೆ ಅಲುಗುವುದನ್ನು ನೋಡುವಾಗ ಗಮನ ಹಿಡಿದಿಡುವ ಶ್ರಮ ಇಲ್ಲ. ದಣಿದ ಮನಸ್ಸಿಗೆ ಅಲ್ಲಿ ವಿಶ್ರಾಂತಿ ಸಿಗುತ್ತದೆ ಎಂಬುದು ಅವರ ವಿವರಣೆ. ಆ ಹೊತ್ತಿನಲ್ಲಿ ನೀವು ಮೊಬೈಲ್ ತೆಗೆಯಬೇಡಿ.

ಹೆಜ್ಜೆ 5: ನಿಮ್ಮ ಬದಲಿಗೆ ಇನ್ನೊಬ್ಬರನ್ನು ಹುಡುಕಿ

"ಅಲ್ಲಿ ನಂಗೆ ಗುರ್ತದವ್ರು ಯಾರುಂಟು?" ಅಂತ ಅಮ್ಮ ಕೇಳಿದ್ದರು. ಮಕ್ಕಳು ಜೊತೆಗೆ ಹೋಗುವುದು ಒಂದೆರಡು ತಿಂಗಳಿಗೆ ಸರಿ. ಆಮೇಲೆ ಆಫೀಸು, ಮಕ್ಕಳ ಪರೀಕ್ಷೆ ಅಂತ ತಪ್ಪುತ್ತದೆ. ಅದೇ ಕಟ್ಟಡದಲ್ಲಿ, ಅದೇ ಓಣಿಯಲ್ಲಿ ಅಮ್ಮನ ವಯಸ್ಸಿನ ಒಬ್ಬರನ್ನು ಹುಡುಕಿ. ನಮಗೆ ಕೆಳಗಿನ ಮನೆಯ ಅಕ್ಕ ಸಿಕ್ಕಿದರು. ಇಬ್ಬರಿಗೂ ತುಳು, ಇಬ್ಬರಿಗೂ ಮಂಡಿನೋವು. ಈಗ ಆರೂವರೆಗೆ ಅವರೇ ಬೆಲ್ ಮಾಡುತ್ತಾರೆ, ನನ್ನನ್ನು ಯಾರೂ ಕೇಳುವುದಿಲ್ಲ.

ಹೆಜ್ಜೆ 6: ಮಳೆಗಾಲಕ್ಕೆ ಬೇರೆ ಯೋಜನೆ ಇರಲಿ

ಹೊರದೇಶದ ಸಲಹೆಗಳು ನಮಗೆ ಕೈಕೊಡುವುದು ಇಲ್ಲೇ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ.ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೂರು ತಿಂಗಳು ಕಷ್ಟಪಟ್ಟು ರೂಢಿ ಮಾಡಿದ ನಡಿಗೆ ಜೂನ್ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ನಮಗೆ ಮೊದಲ ವರ್ಷ ಹಾಗೇ ಆಯಿತು. ಅಕ್ಟೋಬರಿನಲ್ಲಿ ಮತ್ತೆ ಹತ್ತು ನಿಮಿಷದಿಂದ ಶುರು ಮಾಡಬೇಕಾಯಿತು.

ಮೊದಲ ಶತ್ರು ಪಾಚಿ. ಕೆಂಪುಕಲ್ಲಿನ ಮೆಟ್ಟಿಲು, ಸಿಮೆಂಟಿನ ಇಳಿಜಾರು, ಎರಡೂ ಜುಲೈ ಹೊತ್ತಿಗೆ ಸೋಪಿನ ಹಾಗೆ ಆಗುತ್ತವೆ. ಅಮ್ಮ ಒಮ್ಮೆ ಹಾಗೆ ಜಾರಿ ಮಣಿಕಟ್ಟು ಮುರಿದುಕೊಂಡರು. ಈಗ ಮೇ ತಿಂಗಳಲ್ಲೇ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆಯುತ್ತೇವೆ, ಮಳೆ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ. ಅಡಿ ಸವೆದ ಹವಾಯಿ ಚಪ್ಪಲಿ ಬಿಸಾಡಿ. ಹಿಮ್ಮಡಿಗೆ ಪಟ್ಟಿ ಇರುವ, ಅಡಿಯಲ್ಲಿ ಗೆರೆ ಇರುವ ಚಪ್ಪಲಿ ಕೊಡಿಸಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಹಿಡಿದು ನಡೆಯುವುದು ಬೇಡ. ಒಂದು ಕೈ ಖಾಲಿ ಇರಲೇಬೇಕು.

ಜೋರು ಮಳೆಯ ದಿನ ಮಾಡು ಇರುವ ಜಾಗ ಹುಡುಕಿ. ನಮ್ಮ ಕಡೆಯ ದೇವಸ್ಥಾನಗಳ ಸುತ್ತುಪೌಳಿ ಇದಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ. ಹತ್ತು ಸುತ್ತು ಹಾಕಿದರೆ ದೇವರಿಗೂ ಆಯಿತು, ಕಾಲಿಗೂ ಆಯಿತು. ನೆಲ ಒದ್ದೆ ಇದ್ದರೆ ಮಾತ್ರ ಬೇಡ. ಅಪಾರ್ಟ್‌ಮೆಂಟಿನ ಕಾರಿಡಾರ್ ಆದರೂ ಸರಿ.

ಹಸಿರನ್ನು ಒಳಗೆ ತರುವುದು ಮಳೆಗಾಲದಲ್ಲೇ ಸುಲಭ. ಸಂತೆಯಿಂದ ತಂದ ಬಸಳೆಯ ದಂಟನ್ನು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ತಾನಾಗಿ ಚಿಗುರುತ್ತದೆ. ಅಗಲ ಕುಂಡದಲ್ಲಿ ತಿಮರೆ, ಅಂದರೆ ಒಂದೆಲಗ ಹಾಕಿ. ತಿಮರೆ ಚಟ್ನಿ ತಿಂದರೆ ಬುದ್ಧಿ ಚುರುಕಾಗುತ್ತದೆ ಅಂತ ನಮ್ಮವರು ಹೇಳುತ್ತಲೇ ಬಂದಿದ್ದಾರೆ. ಊಟಕ್ಕೆ ಒಳ್ಳೆಯದೇ, ಆದರೆ ಅದನ್ನು ನಡಿಗೆಗೂ ಮಾತ್ರೆಗೂ ಬದಲಿ ಅಂದುಕೊಳ್ಳಬೇಡಿ. ಕುಂಡಗಳನ್ನು ಸೊಂಟದ ಎತ್ತರದ ಮೇಜಿನ ಮೇಲಿಡಿ, ಬಗ್ಗುವ ಕೆಲಸ ತಪ್ಪುತ್ತದೆ. ಕೆಳಗಿನ ತಟ್ಟೆಯ ನೀರನ್ನು ದಿನಾ ಚೆಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲಿಯೇ.

ಇನ್ನೊಂದು ಕೆಲಸಕ್ಕೆ ಒಂದು ಪೈಸೆಯೂ ಬೇಡ. ಹಿರಿಯರು ಕೂರುವ ಕುರ್ಚಿಯನ್ನು ಟಿವಿ ಮುಂದಿನಿಂದ ತೆಗೆದು, ಮರ ಕಾಣುವ ಕಿಟಕಿಯ ಹತ್ತಿರ ಹಾಕಿ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ದಾಖಲೆ ನೋಡಿ ಬರೆದದ್ದು ಇದು: ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು.

ಆಟಿ ಅಮಾವಾಸ್ಯೆಯ ಬಗ್ಗೆ ಒಂದು ಮಾತು. ಅವತ್ತು ಕಷಾಯ ಮಾಡಿ ಕುಡಿಯಲು ಪಾಲೆ ಮರದ ತೊಗಟೆ ತರುವ ಕೆಲಸವನ್ನು ಮರೆವು ಶುರುವಾದ ಹಿರಿಯರಿಗೆ ಒಪ್ಪಿಸಬೇಡಿ. ನಸುಕಿನ ಕತ್ತಲಲ್ಲಿ ಪಾಲೆ ಅಂದುಕೊಂಡು ಕಾಸರಕದ ತೊಗಟೆ ಕೆತ್ತಿ ತಂದರೆ ಅದು ವಿಷ, ಜೀವಕ್ಕೇ ಅಪಾಯ. ಹಿಂದಿನ ದಿನ ಹಗಲಿನಲ್ಲೇ ಗೊತ್ತಿರುವವರಿಂದ ಮರ ಗುರುತು ಮಾಡಿಸಿಡಿ.

ಹೆಜ್ಜೆ 7: ಮರೆವು ಈಗಾಗಲೇ ಇದ್ದರೆ

ಕೀ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ. ನಲವತ್ತು ವರ್ಷ ನಡೆದ ದಾರಿ ತಪ್ಪುವುದು, ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಹಣದ ಲೆಕ್ಕ ಕೈತಪ್ಪುವುದು, ಇದ್ದಕ್ಕಿದ್ದಂತೆ ಸಂಶಯ, ಸಿಟ್ಟು ಜಾಸ್ತಿಯಾಗುವುದು ಕಂಡರೆ ಡಾಕ್ಟರ ಹತ್ತಿರ ಹೋಗಿ. "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಕಿವಿ ಕೇಳದಿರುವುದು, ಕೆಲವು ಮಾತ್ರೆಗಳು, ಇವೂ ಮರೆವಿನ ಹಾಗೆ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಉಂಟು. ಅಮ್ಮನಿಗೆ ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಹಾಗಾಗಿ ಅಮ್ಮ ಸುಧಾರಿಸಿದ್ದು ಮರದಿಂದಲೇ ಅಂತ ನಾನು ಹೇಳುವುದಿಲ್ಲ. ಆದರೆ ಮಾತು ವಾಪಸ್ ಬಂದದ್ದು ಕಟ್ಟೆಯ ಮೇಲೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯಕ್ಕಾಗಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಇದೆ, ಚಿಕ್ಕದಾಗಿ ಕಭಿ ಅನ್ನುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416.

ಇಂಥವರನ್ನು ಕರೆದೊಯ್ಯುವಾಗ ದಿನಾ ಒಂದೇ ದಾರಿ, ಒಂದೇ ಹೊತ್ತು ಇರಲಿ. ಜೇಬಿನಲ್ಲಿ ಹೆಸರು ಮತ್ತು ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ದಾರಿಯ ಅಂಗಡಿಯವರಿಗೆ, ರಿಕ್ಷಾ ಸ್ಟ್ಯಾಂಡಿನವರಿಗೆ ಹೇಳಿಡಿ. ಮುಸ್ಸಂಜೆ ಹೊತ್ತು ಗೊಂದಲ ಜಾಸ್ತಿಯಾಗುವವರಿದ್ದಾರೆ. ಅವರಿಗೆ ಬೆಳಗಿನ ಹೊತ್ತೇ ಒಳ್ಳೆಯದು.

ಹೆಜ್ಜೆ 8: ಬೆಂಚು ಕೇಳಿ

ಹೆಜ್ಜೆ 1ರಲ್ಲಿ ಬರೆದ ಚೀಟಿ ಬಿಸಾಡಬೇಡಿ. ಅದೇ ನಿಮ್ಮ ಅರ್ಜಿ. ಉಡುಪಿಯಲ್ಲಿ ನಗರಸಭೆಗೆ, ಮಂಗಳೂರಿನಲ್ಲಿ ಮಹಾನಗರ ಪಾಲಿಕೆಗೆ ಬರೆಯಿರಿ. "ಪಾರ್ಕ್ ಅಭಿವೃದ್ಧಿ ಮಾಡಿ" ಅಂತ ಬರೆದರೆ ಕಾರಂಜಿ, ಬಣ್ಣದ ದೀಪ ಬರಬಹುದು. ಬೇಕಾದ್ದನ್ನು ಹೆಸರಿಟ್ಟು ಕೇಳಿ: ಇಂಥ ಮನೆಯ ಎದುರಿನ ಅಲುಗುವ ಚಪ್ಪಡಿ, ಇಂಥ ತಿರುವಿನಲ್ಲಿ ಬೆನ್ನು ಒರಗುವ, ಕೈ ಊರುವ ಒಂದು ಬೆಂಚು, ಮೆಟ್ಟಿಲಿಗೆ ಹಿಡಿಕೆ, ಬೀಗ ಹಾಕದ ಶೌಚಾಲಯ, ರಸ್ತೆ ಬದಿಗೆ ನೆರಳಿನ ಗಿಡ. ಶೌಚಾಲಯ ಮರೆಯಬೇಡಿ. ಎಷ್ಟೋ ಅಜ್ಜಿಯಂದಿರು ಹೊರಗೆ ಹೊರಡದಿರುವುದು ಆ ಒಂದೇ ಕಾರಣಕ್ಕೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಫೋಟೋ ಹಾಕಿ, ಹತ್ತು ಮನೆಯವರ ಸಹಿ ಹಾಕಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.

ನಾವು ಕೇಳಿದ ಬೆಂಚು ಇನ್ನೂ ಬಂದಿಲ್ಲ. ಅಷ್ಟರ ತನಕ ದಾರಿ ಮಧ್ಯದ ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎರಡು ಸ್ಟೂಲ್ ಹೊರಗಿಡುತ್ತಾರೆ. ಒಂದು ಅಮ್ಮನಿಗೆ, ಇನ್ನೊಂದು ಕೆಳಗಿನ ಮನೆಯ ಅಕ್ಕನಿಗೆ. ನಿಮ್ಮ ದಾರಿಯ ಅಂಗಡಿಯವರ ಹತ್ತಿರವೂ ಒಮ್ಮೆ ಕೇಳಿ ನೋಡಿ.